ಮ್ಯಾಜಿಕ್ ಅರೀನಾದಲ್ಲಿ ಟೋಕನ್ ಡೆಕ್: 60 ಕಾರ್ಡ್ ಆಯ್ಕೆಯಿಂದ ಕೊನೆಯ ದಾಳಿಯವರೆಗೆ

ಟೋಕನ್ ಡೆಕ್‌ಗಳು ಸೋಲುವ ರೀತಿ ಹೆಚ್ಚುಕಡಿಮೆ ಒಂದೇ. ನಾಲ್ಕನೇ ಸರದಿ ಹೊತ್ತಿಗೆ ಬೋರ್ಡ್ ಮೇಲೆ ಆರೇಳು ಪುಟ್ಟ ಸೈನಿಕರು ನಿಂತಿರುತ್ತಾರೆ, ಕೈ ಖಾಲಿ. ಎದುರಾಳಿ ನಾಲ್ಕು ಮನಾ ಸುರಿದು ಒಂದೇ ಕಾರ್ಡಿನಲ್ಲಿ ಎಲ್ಲವನ್ನೂ ಗುಡಿಸಿಹಾಕುತ್ತಾನೆ. ಅಲ್ಲಿಂದ ಮುಂದೆ ಸರದಿಗೊಂದು ಕಾರ್ಡ್ ಎಳೆದು ಅದೃಷ್ಟ ನೋಡುವುದಷ್ಟೇ ಉಳಿಯುತ್ತದೆ. ಇಲ್ಲಿ ತಪ್ಪು ಆಡುವಾಗ ಆದದ್ದಲ್ಲ, ಡೆಕ್ ಕಟ್ಟುವಾಗಲೇ ಆಗಿಹೋಗಿದೆ. ಟೋಕನ್ ಅನ್ನುವುದು, ಅಂದರೆ ಒಂದು ಕಾರ್ಡಿನ ಫಲವಾಗಿ ಬೋರ್ಡ್ ಮೇಲೆ ಹುಟ್ಟುವ ಸೈನಿಕನಂಥದ್ದು, ಬೆಳೆ. ಅದನ್ನು ಬೆಳೆಯುವ ಕಾರ್ಡು ಹೊಲ. ಬೆಳೆ ಹೋದರೂ ಹೊಲ ಉಳಿಯುವ ಹಾಗೆ 60 ಕಾರ್ಡ್ ಆರಿಸಬೇಕು. ಜೊತೆಗೆ ಟೋಕನ್ ಎಷ್ಟು ಮಾಡಿದಿರಿ ಅನ್ನುವುದಕ್ಕಿಂತ ಯಾವ ಸರದಿಯಲ್ಲಿ ಮಾಡಿದಿರಿ ಅನ್ನುವುದು ಈ ಡೆಕ್‌ನಲ್ಲಿ ಹೆಚ್ಚು ಲೆಕ್ಕಕ್ಕೆ ಬರುತ್ತದೆ.

ಈ ಮಾರ್ಗದರ್ಶಿ ಮ್ಯಾಜಿಕ್: ದಿ ಗ್ಯಾದರಿಂಗ್ ಅರೀನಾಗೆ ಸಂಬಂಧಿಸಿದ್ದು. ಕಂಪ್ಯೂಟರಿನಲ್ಲಿ 2019ರಲ್ಲಿ ಪೂರ್ಣ ಬಿಡುಗಡೆಯಾಗಿ, 2021ರಲ್ಲಿ ಆಂಡ್ರಾಯ್ಡ್ ಮತ್ತು ಐಫೋನಿಗೂ ಬಂದ ಆಟ ಇದು. ಕೆಳಗಿನ ಪಟ್ಟಿ ಪಯೋನಿಯರ್ ಕಾರ್ಡ್‌ಗಳದ್ದು, ಅಂದರೆ ಅರೀನಾದಲ್ಲಿ 2022ರಲ್ಲಿ ಎಕ್ಸ್‌ಪ್ಲೋರರ್ ಎಂಬ ಹೆಸರಿನಲ್ಲಿ ಶುರುವಾದ ಫಾರ್ಮ್ಯಾಟ್. ಸ್ಟ್ಯಾಂಡರ್ಡ್‌ನ ಹಾಗೆ ಇಲ್ಲಿ ಹಳೆಯ ಸೆಟ್‌ಗಳು ಕಾಲಕಾಲಕ್ಕೆ ಹೊರಹೋಗುವುದಿಲ್ಲ. ಖರ್ಚು ಮಾಡಿದ ವೈಲ್ಡ್‌ಕಾರ್ಡ್ (ಕೊಟ್ಟು ಬೇಕಾದ ಕಾರ್ಡ್ ಪಡೆಯುವ ಚೀಟಿ) ಹೆಚ್ಚು ದಿನ ಕೆಲಸಕ್ಕೆ ಬರಲಿ ಅನ್ನುವ ಒಂದೇ ಕಾರಣಕ್ಕೆ ಈ ಆಯ್ಕೆ. ಆಟದ ಮೂಲ ನಿಯಮ, ಅಂದರೆ ಲ್ಯಾಂಡ್, ಮನಾ, ದಾಳಿ, ಬ್ಲಾಕ್, 20 ಲೈಫ್, ಗೊತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತೇವೆ.

ಟೋಕನ್ ಬಗ್ಗೆ ಮರೆಯಬಾರದ ನಾಲ್ಕು ನಿಯಮ

ಟೋಕನ್ ಕಾರ್ಡ್ ಅಲ್ಲ. ಅದನ್ನು ಯಾರಾದರೂ ಕೈಗೆ ವಾಪಸು ಕಳಿಸಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಬರುವುದಿಲ್ಲ. ತಾತ್ಕಾಲಿಕವಾಗಿ ಎಕ್ಸೈಲ್ ಮಾಡಿದರೂ, ಅಂದರೆ ಆಟದಿಂದ ಹೊರಗಿಟ್ಟರೂ, ಅಷ್ಟೇ.

ಇನ್ನೊಂದು ಕಾರ್ಡಿನ ನಕಲಾಗಿ ಹುಟ್ಟದ ಸಾಮಾನ್ಯ ಟೋಕನ್‌ಗಳ ಮನಾ ವ್ಯಾಲ್ಯೂ (ಅಂದರೆ ಬೆಲೆ) 0. ಸೊನ್ನೆ ಸಮಸಂಖ್ಯೆ. ಇದು ಏಕೆ ಮುಖ್ಯ ಅನ್ನುವುದು ಬೋರ್ಡ್ ವೈಪ್‌ಗಳ (ಬೋರ್ಡನ್ನು ಒಟ್ಟಿಗೆ ಗುಡಿಸುವ ಕಾರ್ಡ್‌ಗಳ) ಮಾತು ಬಂದಾಗ ಗೊತ್ತಾಗುತ್ತದೆ.

ಕ್ರೀಚರ್ ಮಾತ್ರ ಟೋಕನ್ ಅಲ್ಲ. ಕ್ಲೂ, ಟ್ರೆಷರ್ ಕೂಡ ಟೋಕನ್‌ಗಳೇ. 'ಟೋಕನ್ ಬಂದಾಗ' ಎಂದು ಬರೆದಿರುವ ಕಾರ್ಡಿಗೆ ಎಲ್ಲವೂ ಲೆಕ್ಕ.

ಈಗಷ್ಟೇ ಬಂದ ಟೋಕನ್ ದಾಳಿ ಮಾಡಲಾರದು. ಆದರೆ ಕಾನ್ವೋಕ್ ಎಂಬ ಗುಣವಿರುವ ಕಾರ್ಡಿನ ಬೆಲೆ ತೀರಿಸಲು ಅದನ್ನು ಆಗಲೇ ಟ್ಯಾಪ್ ಮಾಡಬಹುದು. ಕಾನ್ವೋಕ್‌ನಲ್ಲಿ ಪ್ರತಿ ಕ್ರೀಚರ್ ಒಂದು ಮನಾಗೆ ಸಮ. ಹೊಸಬರು ಇದನ್ನು ಗೊತ್ತಿಲ್ಲದೆ ಒಂದು ಸರದಿ ಸುಮ್ಮನೆ ಕಳೆದುಕೊಳ್ಳುತ್ತಾರೆ.

ಪಟ್ಟಿ

ಒಂದು ಮನಾ:
- ಥ್ರೇಬನ್ ಇನ್ಸ್‌ಪೆಕ್ಟರ್ – 4
- ಲೀಜನ್ಸ್ ಲ್ಯಾಂಡಿಂಗ್ – 4
- ಪೋರ್ಟಬಲ್ ಹೋಲ್ – 3

ಎರಡು ಮನಾ:
- ರೈಸ್ ದಿ ಅಲಾರ್ಮ್ – 4
- ಕ್ಯಾರೆಟ್ ಕೇಕ್ – 4

ಮೂರು ಮನಾ:
- ವೆಡ್ಡಿಂಗ್ ಅನೌನ್ಸ್‌ಮೆಂಟ್ – 4
- ಕೇರ್‌ಟೇಕರ್ಸ್ ಟ್ಯಾಲೆಂಟ್ – 4
- ಅಡೆಲೈನ್, ರೆಸ್ಪ್ಲೆಂಡೆಂಟ್ ಕ್ಯಾಥರ್ – 3
- ಸ್ಕೈಕ್ಲೇವ್ ಅಪ್ಯಾರಿಶನ್ – 3

ಐದು ಮನಾ:
- ವೆನರೇಟೆಡ್ ಲಾಕ್ಸೊಡಾನ್ – 3 (ಕಾನ್ವೋಕ್ ಇದೆ)

ಲ್ಯಾಂಡ್ 24:
- ಪ್ಲೇನ್ಸ್ – 18
- ಕಾಸಲ್ ಆರ್ಡನ್‌ವೇಲ್ – 3
- ಫೌಂಟನ್‌ಪೋರ್ಟ್ – 3

ಒಟ್ಟು 60. ವಿರಳತೆಯ ದರ್ಜೆಯಲ್ಲಿ ಎಲ್ಲಕ್ಕಿಂತ ಮೇಲಿನ ಮಿಥಿಕ್ ಒಂದೂ ಇಲ್ಲ. ಪ್ಲೇನ್ಸ್ ಬಿಟ್ಟು ರೇರ್ 27, ಅನ್‌ಕಾಮನ್ 3, ಕಾಮನ್ 12.

ಯಾವುದು ಏಕೆ

ಲೀಜನ್ಸ್ ಲ್ಯಾಂಡಿಂಗ್ ಲೆಜೆಂಡರಿ ಕಾರ್ಡ್, ಅಂದರೆ ಅದೇ ಹೆಸರಿನ ಎರಡು ನಿಮ್ಮ ಕಡೆ ಒಟ್ಟಿಗೆ ಉಳಿಯುವುದಿಲ್ಲ. ಹಾಗಾಗಿ ನಾಲ್ಕು ಹಾಕುವುದು ದಂಡ ಎಂದು ಹಲವರು ಎರಡಕ್ಕೋ ಮೂರಕ್ಕೋ ನಿಲ್ಲಿಸುತ್ತಾರೆ. ಇದು ಒಂದು ಮನಾಗೆ ಲೈಫ್‌ಲಿಂಕ್ (ಮಾಡಿದ ಡ್ಯಾಮೇಜಿನಷ್ಟು ಲೈಫ್ ತರುವ ಗುಣ) ಇರುವ 1/1 (ಬಲ 1, ತಾಳಿಕೆ 1) ವ್ಯಾಂಪೈರ್ ಕೊಡುತ್ತದೆ. ಮೂರು ಅಥವಾ ಹೆಚ್ಚು ಕ್ರೀಚರ್‌ಗಳಿಂದ ದಾಳಿ ಮಾಡಿದಾಗ ಮಗುಚಿಕೊಂಡು ಅಡಾಂಟೊ ಎಂಬ ಲ್ಯಾಂಡ್ ಆಗುತ್ತದೆ. ಮಗುಚಿದ ಮೇಲೆ ಹೆಸರೇ ಬೇರೆ, ಆದ್ದರಿಂದ ಎರಡನೇ ಲ್ಯಾಂಡಿಂಗ್ ಆರಾಮಾಗಿ ಹಾಕಬಹುದು. ಮೊದಲನೆಯದು ಮಗುಚದೇ ಇದ್ದರೂ ಎರಡನೆಯದರಿಂದ ಒಂದು ವ್ಯಾಂಪೈರ್ ಸಿಕ್ಕೇ ಸಿಗುತ್ತದೆ, ಎರಡರಲ್ಲಿ ಒಂದು ಎನ್ಚಾಂಟ್‌ಮೆಂಟ್ ಮಾತ್ರ ಹೋಗುತ್ತದೆ. ನಾಲ್ಕು ಇರಲಿ.

ರೈಸ್ ದಿ ಅಲಾರ್ಮ್ ಇನ್‌ಸ್ಟೆಂಟ್. ಎರಡು ಮನಾಗೆ ಎರಡು 1/1 ಸೈನಿಕರು ಅನ್ನುವುದು ದೊಡ್ಡ ಸಂಗತಿಯಲ್ಲ. ಎದುರಾಳಿಯ ಸರದಿಯಲ್ಲಿ ಹಾಕಬಹುದು ಅನ್ನುವುದೇ ಅದರ ಬೆಲೆ. ಕ್ಯಾರೆಟ್ ಕೇಕ್ ಬಂದಾಗ ಒಂದು ಮೊಲ, ಆಮೇಲೆ ಎರಡು ಮನಾ ಕೊಟ್ಟು ತ್ಯಾಗ ಮಾಡಿದಾಗ ಇನ್ನೊಂದು ಮೊಲ. ಎರಡು ಸಲವೂ ಸ್ಕ್ರೈ 1 (ಡೆಕ್‌ನ ಮೇಲಿನ ಕಾರ್ಡ್ ನೋಡಿ, ಬೇಡವಾದರೆ ಅಡಿಗೆ ಹಾಕುವುದು), ಕೊನೆಯಲ್ಲಿ 3 ಲೈಫ್. ಆ ಎರಡನೇ ಮೊಲವನ್ನೂ ಎದುರಾಳಿಯ ಸರದಿಯಲ್ಲಿ ತರಬಹುದು. ಇನ್ಸ್‌ಪೆಕ್ಟರ್ 1/2, ಬರುವಾಗ ಒಂದು ಕ್ಲೂ ತರುತ್ತದೆ. ನೋಡಲು ಸಪ್ಪೆ, ಆದರೆ ಒಂದು ಮನಾಗೆ ಒಂದು ದೇಹ (ಕ್ರೀಚರ್), ಒಂದು ಟೋಕನ್, ಮುಂದೆ ಎರಡು ಮನಾಗೆ ಒಂದು ಕಾರ್ಡ್. ಈ ಡೆಕ್‌ನಲ್ಲಿ ಅದನ್ನು ಕಡಿಮೆ ಮಾಡಬೇಡಿ.

ವೆಡ್ಡಿಂಗ್ ಅನೌನ್ಸ್‌ಮೆಂಟ್ ಡೆಕ್‌ನ ನಡು. ನಿಮ್ಮ ಸರದಿಯ ಕೊನೆಯಲ್ಲಿ ಅದರ ಮೇಲೆ ಒಂದು ಕೌಂಟರ್ ಏರುತ್ತದೆ. ಆ ಸರದಿ ಎರಡು ಅಥವಾ ಹೆಚ್ಚು ಕ್ರೀಚರ್‌ಗಳಿಂದ ದಾಳಿ ಮಾಡಿದ್ದರೆ ಒಂದು ಕಾರ್ಡ್, ಇಲ್ಲವಾದರೆ ಒಂದು 1/1 ಹ್ಯೂಮನ್. ಮೂರನೇ ಕೌಂಟರ್ ಬಿದ್ದಾಗ ಅದು ಮಗುಚಿ ನಿಮ್ಮ ಎಲ್ಲ ಕ್ರೀಚರ್‌ಗಳಿಗೂ +1/+1 ಕೊಡುವ ಎನ್ಚಾಂಟ್‌ಮೆಂಟ್ ಆಗುತ್ತದೆ. ಹಾಕಿದ ಸರದಿಯೂ ಲೆಕ್ಕಕ್ಕೆ ಸೇರುತ್ತದೆ: ಮೂರನೇ ಸರದಿ ಹಾಕಿದರೆ ಐದನೇ ಸರದಿಯ ಕೊನೆಗೆ ಮಗುಚುತ್ತದೆ, ಆರನೇ ಸರದಿಯ ದಾಳಿಗೆ ಬಲ ಸಿಗುತ್ತದೆ. ಕ್ರೀಚರ್‌ಗಳೆಲ್ಲ ಸತ್ತರೂ ಇದು ಬೋರ್ಡ್ ಮೇಲೆ ಉಳಿದಿರುತ್ತದೆ. ಆರಂಭದಲ್ಲಿ ಹೇಳಿದ ಹೊಲ ಇದೇ.

ಕೇರ್‌ಟೇಕರ್ಸ್ ಟ್ಯಾಲೆಂಟ್ 2024ರ ಬ್ಲೂಮ್‌ಬರೋ ಸೆಟ್ಟಿನದು. ಒಂದು ಅಥವಾ ಹೆಚ್ಚು ಟೋಕನ್ ನಿಮ್ಮ ಕಡೆ ಬಂದಾಗ ಒಂದು ಕಾರ್ಡ್ ಎಳೆಯುತ್ತೀರಿ, ಸರದಿಗೆ ಒಮ್ಮೆ ಮಾತ್ರ. ಒಂದು ಮನಾ ಕೊಟ್ಟು ಎರಡನೇ ಹಂತಕ್ಕೆ ಏರಿಸಿದರೆ ನಿಮ್ಮ ಒಂದು ಟೋಕನ್‌ನ ನಕಲು ಬರುತ್ತದೆ. ಇನ್ನೂ ನಾಲ್ಕು ಮನಾ ಕೊಟ್ಟು ಮೂರನೇ ಹಂತಕ್ಕೆ ಏರಿಸಿದರೆ ಕ್ರೀಚರ್ ಟೋಕನ್‌ಗಳಿಗೆಲ್ಲ +2/+2.

ಅಡೆಲೈನ್‌ಳ ಬಲ ನಿಮ್ಮ ಕ್ರೀಚರ್‌ಗಳ ಸಂಖ್ಯೆಗೆ ಸಮ, ತಾಳಿಕೆ 4, ದಾಳಿ ಮಾಡಿದರೂ ಟ್ಯಾಪ್ ಆಗುವುದಿಲ್ಲ. ನೀವು ದಾಳಿ ಮಾಡಿದಾಗಲೆಲ್ಲ ಒಂದು ಹ್ಯೂಮನ್ ಟೋಕನ್ ದಾಳಿ ಮಾಡುತ್ತಲೇ ಹುಟ್ಟುತ್ತದೆ. ಎದುರಾಳಿ ತಕ್ಷಣ ಉತ್ತರ ಕೊಡದಿದ್ದರೆ ಇವಳೊಬ್ಬಳೇ ಆಟ ಮುಗಿಸುತ್ತಾಳೆ. ಲೆಜೆಂಡರಿ ಆದ್ದರಿಂದ ಮೂರು ಸಾಕು.

ಪೋರ್ಟಬಲ್ ಹೋಲ್ ಎದುರಾಳಿಯ, ಲ್ಯಾಂಡ್ ಅಲ್ಲದ, ಎರಡು ಅಥವಾ ಕಡಿಮೆ ಬೆಲೆಯ ವಸ್ತುವನ್ನು ಎಕ್ಸೈಲ್ ಮಾಡುತ್ತದೆ, ಅಪ್ಯಾರಿಶನ್ ನಾಲ್ಕು ಅಥವಾ ಕಡಿಮೆ ಬೆಲೆಯದನ್ನು. ಅಪ್ಯಾರಿಶನ್ ಟೋಕನ್‌ಗಳನ್ನು ಮುಟ್ಟುವುದಿಲ್ಲ, ಆದ್ದರಿಂದ ನಿಮ್ಮಂಥದ್ದೇ ಇನ್ನೊಂದು ಡೆಕ್ ಎದುರಾದರೆ ಅದು ಬಡವಾಗುತ್ತದೆ.

ಲ್ಯಾಂಡ್ ಬಗ್ಗೆ ಒಂದು ಎಚ್ಚರ. ಫೌಂಟನ್‌ಪೋರ್ಟ್ ಎಷ್ಟೇ ಚೆನ್ನಾಗಿ ಕಂಡರೂ ನಾಲ್ಕನೆಯದು ಬೇಡ. ಅದು ಬಿಳಿ ಮನಾ ಕೊಡುವುದಿಲ್ಲ. ಅಡೆಲೈನ್, ಅಪ್ಯಾರಿಶನ್ ಎರಡಕ್ಕೂ ಎರಡೆರಡು ಬಿಳಿ ಮನಾ ಬೇಕು. 24ರಲ್ಲಿ 21 ಬಿಳಿ ಅನ್ನುವುದು ಕನಿಷ್ಠ ಎಂದೇ ಇಟ್ಟುಕೊಳ್ಳಿ. ಒಂದು, ಎರಡು ಮನಾ ಕಾರ್ಡೇ ಹೆಚ್ಚಿರುವ ಡೆಕ್‌ಗೆ 24 ಲ್ಯಾಂಡ್ ಜಾಸ್ತಿ ಅನ್ನಿಸಬಹುದು. ಆದರೆ ಆರು ಲ್ಯಾಂಡ್‌ಗಳು ತಾವೇ ಟೋಕನ್ ಮಾಡುತ್ತವೆ, ಟ್ಯಾಲೆಂಟ್ ಪೂರ್ತಿ ಏರಿಸಲು ಒಟ್ಟು ಎಂಟು ಮನಾ ಬೇಕು. ತಡವಾಗಿ ಬಂದ ಲ್ಯಾಂಡ್ ಇಲ್ಲಿ ವ್ಯರ್ಥವಾಗುವುದಿಲ್ಲ.

ವೈಲ್ಡ್‌ಕಾರ್ಡ್ ಖರ್ಚಿನ ಕ್ರಮ

ಅರೀನಾದಲ್ಲಿ ಬೇಡದ ಕಾರ್ಡನ್ನು ಒಡೆದು ಬೇರೆ ಕಾರ್ಡ್ ಮಾಡಿಕೊಳ್ಳುವ ವ್ಯವಸ್ಥೆ ಇಲ್ಲ. ಒಮ್ಮೆ ಖರ್ಚು ಮಾಡಿದ ವೈಲ್ಡ್‌ಕಾರ್ಡ್ ಮುಗಿಯಿತು. 27 ರೇರ್ ಒಟ್ಟಿಗೆ ಯಾರ ಹತ್ತಿರವೂ ಇರುವುದಿಲ್ಲ, ಹಾಗಾಗಿ ಈ ಕ್ರಮದಲ್ಲಿ ಹೋಗಿ.

ಮೊದಲ ಎಂಟು ರೇರ್: ವೆಡ್ಡಿಂಗ್ ಅನೌನ್ಸ್‌ಮೆಂಟ್ ನಾಲ್ಕು, ಕೇರ್‌ಟೇಕರ್ಸ್ ಟ್ಯಾಲೆಂಟ್ ನಾಲ್ಕು. ಇವೆರಡಕ್ಕೆ ಬದಲಿ ಇಲ್ಲ. ಆಮೇಲೆ ಲೀಜನ್ಸ್ ಲ್ಯಾಂಡಿಂಗ್ ನಾಲ್ಕು, ಅಡೆಲೈನ್ ಮೂರು. ಇಲ್ಲಿಗೆ 15 ಆಯಿತು, ಡೆಕ್ ಆಡುವ ಹದಕ್ಕೆ ಬಂತು. ಅಡೆಲೈನ್ ಸಿಗುವವರೆಗೆ ಆ ಜಾಗದಲ್ಲಿ ರೆಸೊಲ್ಯೂಟ್ ರಿಇನ್‌ಫೋರ್ಸ್‌ಮೆಂಟ್ಸ್ ಹಾಕಿ: ಎರಡು ಮನಾಗೆ ಫ್ಲ್ಯಾಶ್ ಇರುವ (ಎದುರಾಳಿಯ ಸರದಿಯಲ್ಲೂ ಹಾಕಬಹುದಾದ) ಒಂದು 1/1, ಜೊತೆಗೆ ಒಂದು ಸೈನಿಕ ಟೋಕನ್. ಅಪ್ಯಾರಿಶನ್ ಬದಲು ಬ್ಯಾನಿಶಿಂಗ್ ಲೈಟ್. ಲಾಕ್ಸೊಡಾನ್ ಬದಲು ಇನ್‌ಸ್ಪೈರ್ಡ್ ಚಾರ್ಜ್, ನಾಲ್ಕು ಮನಾಗೆ ಎಲ್ಲರಿಗೂ ಆ ಸರದಿ ಮಟ್ಟಿಗೆ +2/+1. ಕಾಸಲ್ ಮತ್ತು ಫೌಂಟನ್‌ಪೋರ್ಟ್ ಜಾಗಕ್ಕೆ ಪ್ಲೇನ್ಸ್ ಹಾಕಿದರೂ ನಡೆಯುತ್ತದೆ. ಆದರೆ ಆಗ ಒಂದು ಲ್ಯಾಂಡ್ ತೆಗೆದು 23ಕ್ಕೆ ಇಳಿಸಿ, ಆ ಜಾಗಕ್ಕೆ ನಾಲ್ಕನೇ ಪೋರ್ಟಬಲ್ ಹೋಲ್ ಹಾಕಿ.

ಡೆಕ್ ಕಟ್ಟುವಾಗ ಮೊದಲು ಫಾರ್ಮ್ಯಾಟ್ ಆರಿಸಿ, ಆಮೇಲೆ ಕಾರ್ಡ್ ಹುಡುಕಿ. ಉಲ್ಟಾ ಮಾಡಿದರೆ ಆ ಫಾರ್ಮ್ಯಾಟಿಗೆ ಸಲ್ಲದ ಕಾರ್ಡಿಗೆ ವೈಲ್ಡ್‌ಕಾರ್ಡ್ ಸುರಿದುಬಿಡುವ ಅಪಾಯ ಉಂಟು. ರೈಸ್ ದಿ ಅಲಾರ್ಮ್‌ನಂಥ ಕಾರ್ಡು ಹಲವು ಸೆಟ್ಟುಗಳಲ್ಲಿ ಇರುತ್ತದೆ; ಯಾವ ಚಿತ್ರದ್ದಾದರೂ ಸರಿ, ಕೆಲಸ ಒಂದೇ. ಕ್ರಾಫ್ಟ್ ಮಾಡುವ ಮುಂಚೆ ನಿಮ್ಮ ಹತ್ತಿರ ಆಗಲೇ ಎಷ್ಟಿದೆ ನೋಡಿಕೊಳ್ಳಿ.

ಮೊದಲ ಏಳು ಕಾರ್ಡ್

60ರಲ್ಲಿ 16 ಕಾರ್ಡ್ ಒಂದು ಅಥವಾ ಎರಡು ಮನಾಗೆ ದೇಹ ಕೊಡುತ್ತವೆ: ಇನ್ಸ್‌ಪೆಕ್ಟರ್, ಲ್ಯಾಂಡಿಂಗ್, ಅಲಾರ್ಮ್, ಕೇಕ್. ಮೊದಲ ಏಳರಲ್ಲಿ ಇವುಗಳಲ್ಲಿ ಒಂದಾದರೂ ಇರುವ ಸಾಧ್ಯತೆ ಸುಮಾರು ಶೇ 90. ಅದೇ ನೀವು ಇನ್ಸ್‌ಪೆಕ್ಟರ್ ತೆಗೆದು 12ಕ್ಕೆ ಇಳಿಸಿದರೆ ಶೇ 81ಕ್ಕೆ ಬೀಳುತ್ತದೆ, ಎಂಟಕ್ಕೆ ಇಳಿಸಿದರೆ ಶೇ 65. ಸಪ್ಪೆ ಕಾರ್ಡುಗಳನ್ನು ತೆಗೆದು ಭರ್ಜರಿ ಕಾರ್ಡು ತುಂಬಿದಾಗ ಡೆಕ್ ಏಕೆ ಎಡವುತ್ತದೆ ಅನ್ನುವುದಕ್ಕೆ ಇಷ್ಟೇ ಲೆಕ್ಕ.

ಎರಡರಿಂದ ನಾಲ್ಕು ಲ್ಯಾಂಡ್ ಇದ್ದು ಈ ಹದಿನಾರರಲ್ಲಿ ಒಂದಿದ್ದರೆ ಇಟ್ಟುಕೊಳ್ಳಿ. ಎರಡೇ ಲ್ಯಾಂಡ್ ಇದ್ದರೆ ಕಡಿಮೆ ಬೆಲೆಯವು ಕನಿಷ್ಠ ಮೂರು ಇರಬೇಕು, ಲ್ಯಾಂಡ್‌ಗಳಲ್ಲಿ ಒಂದು ಪ್ಲೇನ್ಸ್ ಆಗಿರಲೇಬೇಕು. ಮೂರು ಮನಾ ಕಾರ್ಡುಗಳೇ ನಾಲ್ಕು ಬಂದಿದ್ದರೆ, ಹೆಸರುಗಳು ಎಷ್ಟೇ ದೊಡ್ಡವಾಗಿರಲಿ, ಮರಳಿಸಿ. ಎರಡು ಲಾಕ್ಸೊಡಾನ್ ಇದ್ದು ಚಿಕ್ಕ ದೇಹ ಒಂದೂ ಇಲ್ಲದ ಕೈ ಅತಿ ಕೆಟ್ಟ ಮೋಸ. ಮರಳಿಸಿದಾಗ ಮತ್ತೆ ಏಳು ಎಳೆದು ಒಂದನ್ನು ಅಡಿಗೆ ಹಾಕಬೇಕು. ಅಡಿಗೆ ಹೋಗುವುದು ಸಾಮಾನ್ಯವಾಗಿ ಎರಡನೇ ಟ್ಯಾಲೆಂಟ್ ಅಥವಾ ಲಾಕ್ಸೊಡಾನ್.

ಒಂದೇ ಆಟದ ಪಂದ್ಯಗಳಲ್ಲಿ ಅರೀನಾ ಮೊದಲ ಕೈಯನ್ನು ಲ್ಯಾಂಡ್ ಅನುಪಾತಕ್ಕೆ ತಕ್ಕಂತೆ ಸ್ವಲ್ಪ ಸಮ ಮಾಡಿ ಕೊಡುತ್ತದೆ. ಇದನ್ನೇ ನಂಬಿ 20 ಲ್ಯಾಂಡ್‌ಗೆ ಇಳಿಸುವವರಿದ್ದಾರೆ. ಆ ಹೊಂದಾಣಿಕೆ ಮೊದಲ ಕೈಗೆ ಮಾತ್ರ, ಆಮೇಲೆ ಎಳೆಯುವ ಕಾರ್ಡಿಗಲ್ಲ.

ಮೊದಲ ನಾಲ್ಕು ಸರದಿ, ಹತ್ತಿರದಿಂದ

ಕೈಯಲ್ಲಿ ಲ್ಯಾಂಡಿಂಗ್, ಅಲಾರ್ಮ್, ಇನ್ಸ್‌ಪೆಕ್ಟರ್, ಲಾಕ್ಸೊಡಾನ್, ಪೋರ್ಟಬಲ್ ಹೋಲ್, ಎರಡು ಪ್ಲೇನ್ಸ್ ಇವೆ. ಮೂರನೆಯ ಲ್ಯಾಂಡ್ ಸಮಯಕ್ಕೆ ಬಂತು ಎಂದಿಟ್ಟುಕೊಳ್ಳಿ.

ಒಂದನೇ ಸರದಿ: ಲ್ಯಾಂಡಿಂಗ್. ಒಂದು ವ್ಯಾಂಪೈರ್.

ಎರಡನೇ ಸರದಿ: ಎದುರು ಬ್ಲಾಕ್ ಮಾಡುವವರಿಲ್ಲದಿದ್ದರೆ ವ್ಯಾಂಪೈರ್‌ನಿಂದ ದಾಳಿ, ಎದುರಾಳಿ 19. ಎರಡು ಲ್ಯಾಂಡ್ ಟ್ಯಾಪ್ ಮಾಡದೆ ಸರದಿ ಬಿಟ್ಟುಕೊಡಿ. ಎದುರಾಳಿಯ ಸರದಿಯ ಕೊನೆಯಲ್ಲಿ ರೈಸ್ ದಿ ಅಲಾರ್ಮ್. ನಿಮ್ಮ ಸರದಿಯಲ್ಲೇ ಹಾಕಿದ್ದರೂ ಮೂರನೇ ಸರದಿಗೆ ಅದೇ ಇಬ್ಬರು ಸೈನಿಕರು ಇರುತ್ತಿದ್ದರು. ಆದರೆ ಕಾದದ್ದರಿಂದ ಎದುರಾಳಿ ಏನು ಹಾಕಿದ ಎಂದು ನೋಡಿದ ಮೇಲೆ ತೀರ್ಮಾನಿಸಿದಿರಿ. ಅವನು 2/1 ಒಂದರಿಂದ ದಾಳಿ ಮಾಡಿದ್ದರೆ ಒಬ್ಬ ಸೈನಿಕನಿಂದಲೇ ಬ್ಲಾಕ್ ಮಾಡಿ ಕೊಲ್ಲಬಹುದಿತ್ತು.

ಮೂರನೇ ಸರದಿ: ಮೂರು ಲ್ಯಾಂಡ್. ಒಂದರಿಂದ ಇನ್ಸ್‌ಪೆಕ್ಟರ್ ಹಾಕಿ. ಈಗ ನಾಲ್ಕು ಕ್ರೀಚರ್. ನಾಲ್ವರನ್ನೂ ಟ್ಯಾಪ್ ಮಾಡಿ, ಒಂದು ಲ್ಯಾಂಡ್ ಸೇರಿಸಿ, ಐದು ಬೆಲೆಯ ಲಾಕ್ಸೊಡಾನ್ ಇಳಿಸಿ. ಬೆಲೆ ತೀರಿಸಲು ನೆರವಾದ ಪ್ರತಿ ಕ್ರೀಚರ್ ಮೇಲೂ ಒಂದು +1/+1 ಕೌಂಟರ್ ಬೀಳುತ್ತದೆ. ಉಳಿದ ಒಂದು ಲ್ಯಾಂಡಿನಿಂದ ಪೋರ್ಟಬಲ್ ಹೋಲ್. ಇದಕ್ಕಾಗಿಯೇ ಲ್ಯಾಂಡ್ ಎರಡು, ಕ್ರೀಚರ್ ಮೂರು ಎಂದು ತೀರಿಸದೆ ಎಲ್ಲ ಕ್ರೀಚರ್‌ಗಳನ್ನೂ ಬಳಸಿದ್ದು. ಒಂದು ಕೌಂಟರ್ ಹೆಚ್ಚು, ಒಂದು ಮನಾ ಉಳಿತಾಯ.

ನಾಲ್ಕನೇ ಸರದಿ: ವ್ಯಾಂಪೈರ್ 2/2, ಸೈನಿಕರು 2/2 ಎರಡು, ಇನ್ಸ್‌ಪೆಕ್ಟರ್ 2/3, ಲಾಕ್ಸೊಡಾನ್ 4/4. ಒಟ್ಟು 12 ಡ್ಯಾಮೇಜ್, ಜೊತೆಗೆ ಲ್ಯಾಂಡಿಂಗ್ ಮಗುಚಿ ಲ್ಯಾಂಡ್ ಆಗುತ್ತದೆ. ತಡೆ ಇಲ್ಲದಿದ್ದರೆ ಎದುರಾಳಿ ಏಳಕ್ಕೆ ಇಳಿದ.

ಇದರ ಬೆಲೆಯೂ ಗೊತ್ತಿರಲಿ. ಲಾಕ್ಸೊಡಾನ್ ಹಾಕುವ ಸರದಿ ದಾಳಿ ಇಲ್ಲ, ಎದುರಾಳಿಯ ಮುಂದಿನ ದಾಳಿಗೆ ಲಾಕ್ಸೊಡಾನ್ ಒಂದೇ ತಡೆ. ವೇಗದ ಕೆಂಪು ಡೆಕ್ ಎದುರು ನಿಮ್ಮ ಲೈಫ್ ಹತ್ತರ ಕೆಳಗಿದ್ದರೆ ಈ ಆಟ ಆಡಬೇಡಿ. ಮೊದಲು ದಾಳಿ ಮಾಡಿ ಆಮೇಲೆ ಕಾನ್ವೋಕ್ ಮಾಡೋಣ ಅಂದರೆ ಆಗದು, ದಾಳಿಗೆ ಹೋದವರು ಆಗಲೇ ಟ್ಯಾಪ್ ಆಗಿರುತ್ತಾರೆ. ಅಡೆಲೈನ್ ಒಬ್ಬಳೇ ಇದಕ್ಕೆ ಅಪವಾದ: ದಾಳಿ ಮಾಡಿ ಬಂದು ಎರಡನೇ ಮೇನ್ ಫೇಸ್‌ನಲ್ಲಿ ಕಾನ್ವೋಕ್‌ಗೂ ನೆರವಾಗುತ್ತಾಳೆ.

'ಸರದಿಗೆ ಒಮ್ಮೆ' ಅನ್ನುವುದನ್ನು ಸರಿಯಾಗಿ ಓದುವುದು

ಈ ಡೆಕ್ ಆಡುವವರಲ್ಲಿ ಗೆಲ್ಲುವವರಿಗೂ ಸೋಲುವವರಿಗೂ ಇರುವ ದೊಡ್ಡ ಅಂತರ ಇಲ್ಲಿದೆ. ಟ್ಯಾಲೆಂಟ್ ಸರದಿಗೆ ಒಮ್ಮೆ ಕಾರ್ಡ್ ಕೊಡುತ್ತದೆ ಅಂದರೆ ನಿಮ್ಮ ಸರದಿಗೆ ಒಮ್ಮೆ ಎಂದಲ್ಲ. ಎದುರಾಳಿಯ ಸರದಿಯೂ ಒಂದು ಸರದಿಯೇ. ನಿಮ್ಮ ಸರದಿಯಲ್ಲಿ ಒಂದು ಟೋಕನ್, ಅವನ ಸರದಿಯಲ್ಲಿ ಒಂದು ಟೋಕನ್ ಬರುವ ಹಾಗೆ ಹಂಚಿದರೆ ಪ್ರತಿ ಸುತ್ತಿನಲ್ಲೂ ಎರಡು ಹೆಚ್ಚುವರಿ ಕಾರ್ಡ್.

ಎದುರಾಳಿಯ ಸರದಿಯಲ್ಲಿ ಟೋಕನ್ ತರುವ ದಾರಿಗಳು ಐದು. ರೈಸ್ ದಿ ಅಲಾರ್ಮ್. ಕೇಕಿನ ತ್ಯಾಗ. ಮಗುಚಿದ ಅಡಾಂಟೊ, ಮೂರು ಮನಾಗೆ ಒಂದು ವ್ಯಾಂಪೈರ್. ಅದು ತಾನೂ ಟ್ಯಾಪ್ ಆಗುವುದರಿಂದ ಒಟ್ಟು ನಾಲ್ಕು ಲ್ಯಾಂಡ್ ಬೇಕು. ಫೌಂಟನ್‌ಪೋರ್ಟ್‌ನ ಮೀನಿಗೂ ಅಷ್ಟೇ, ಮೇಲೆ ಒಂದು ಲೈಫ್. ಕಾಸಲ್ ಆರ್ಡನ್‌ವೇಲ್‌ಗೆ ಒಟ್ಟು ಐದು ಲ್ಯಾಂಡ್.

ಒಂದು ಉದಾಹರಣೆ. ಮೂರನೇ ಸರದಿ ಅನೌನ್ಸ್‌ಮೆಂಟ್ ಹಾಕಿದ್ದೀರಿ. ನಾಲ್ಕನೇ ಸರದಿ ಟ್ಯಾಲೆಂಟ್ ಹಾಕಿದಿರಿ, ಒಂದು ಮನಾ ಉಳಿದಿದೆ, ಕೈಯಲ್ಲಿ ಇನ್ಸ್‌ಪೆಕ್ಟರ್ ಮತ್ತು ಪೋರ್ಟಬಲ್ ಹೋಲ್ ಇವೆ. ಇನ್ಸ್‌ಪೆಕ್ಟರ್ ಹಾಕಿದರೆ ಕ್ಲೂ ಬಂತು, ಒಂದು ಕಾರ್ಡ್ ಬಂತು, ಖುಷಿ. ಆದರೆ ಸರದಿಯ ಕೊನೆಗೆ ಅನೌನ್ಸ್‌ಮೆಂಟ್ ಕೊಡುವ ಹ್ಯೂಮನ್‌ಗೆ ಆಮೇಲೆ ಕಾರ್ಡ್ ಇಲ್ಲ, ಆ ಸರದಿಯ ಕೋಟಾ ಮುಗಿದಿದೆ. ಬದಲಿಗೆ ಹೋಲ್ ಹಾಕಿ. ಕೊನೆಗೆ ಹ್ಯೂಮನ್ ಬಂದಾಗ ಕಾರ್ಡ್ ಹೇಗೂ ಸಿಗುತ್ತದೆ. ಇನ್ಸ್‌ಪೆಕ್ಟರ್ ಇನ್ನೊಂದು ಸರದಿಗೆ ಉಳಿಯಿತು.

ಅನೌನ್ಸ್‌ಮೆಂಟ್ ಜೊತೆ ಟ್ಯಾಲೆಂಟ್ ಇದ್ದಾಗ ದಾಳಿಯ ಲೆಕ್ಕವೂ ತಿರುಗುತ್ತದೆ. ಇಬ್ಬರಿಂದ ದಾಳಿ ಮಾಡಿದರೆ ಒಂದು ಕಾರ್ಡ್ ಮಾತ್ರ. ಒಬ್ಬರಿಂದ ಮಾಡಿದರೆ ಅಥವಾ ಮಾಡದೇ ಇದ್ದರೆ ಹ್ಯೂಮನ್ ಬರುತ್ತದೆ, ಅದು ಟ್ಯಾಲೆಂಟ್‌ನಿಂದ ಕಾರ್ಡನ್ನೂ ತರುತ್ತದೆ. ಆ ಎರಡು ಮೂರು ಡ್ಯಾಮೇಜ್ ಆಟವನ್ನು ತೀರ್ಮಾನಿಸದಿದ್ದರೆ ಒಬ್ಬರನ್ನೇ ಕಳಿಸಿ.

ಇದಕ್ಕೆ ಹೊಂದಿಕೊಂಡ ಇನ್ನೊಂದು ನಿಯಮ: ದಾಳಿ ಮಾಡುತ್ತಲೇ ಹುಟ್ಟಿದ ಟೋಕನ್ 'ದಾಳಿ ಮಾಡಿದ ಕ್ರೀಚರ್' ಲೆಕ್ಕಕ್ಕೆ ಸೇರುವುದಿಲ್ಲ. ಅಡೆಲೈನ್ ಒಬ್ಬಳೇ ಹೋದಾಗ ಅವಳ ಪಕ್ಕ ಹುಟ್ಟಿದ ಹ್ಯೂಮನ್ ಸೇರಿಸಿ ಇಬ್ಬರು ಎಂದು ಅನೌನ್ಸ್‌ಮೆಂಟ್ ಎಣಿಸುವುದಿಲ್ಲ. ಇಬ್ಬರನ್ನು ಕಳಿಸಿ ಮೂರನೆಯದು ಅವಳ ಟೋಕನ್ ಆದರೆ ಲ್ಯಾಂಡಿಂಗ್ ಮಗುಚುವುದೂ ಇಲ್ಲ. ಅರೀನಾದಲ್ಲಿ ಏನೋ ದೋಷ ಇದೆ ಎಂದು ಎಷ್ಟೋ ಜನ ಗೊಣಗುವುದು ಈ ಕಾರಣಕ್ಕೆ, ನಿಯಮವೇ ಹಾಗಿದೆ.

ಟ್ಯಾಲೆಂಟ್‌ನ ಕಾರ್ಡ್ ಬೇಡ ಅನ್ನುವ ಹಾಗಿಲ್ಲ, ಎಳೆಯಲೇಬೇಕು. ಎದುರಾಳಿಯ ಶಿಯೋಲ್ಡ್ರೆಡ್, ದಿ ಅಪಾಕಲಿಪ್ಸ್ ಎಂಬ ಕ್ರೀಚರ್ ಬೋರ್ಡ್ ಮೇಲಿದ್ದರೆ ನೀವು ಎಳೆಯುವ ಪ್ರತಿ ಕಾರ್ಡಿಗೂ ಎರಡು ಲೈಫ್ ಹೋಗುತ್ತದೆ. ಅಪ್ಯಾರಿಶನ್‌ನ ಮೊದಲ ಗುರಿ ಅವಳೇ ಆಗಿರಲಿ.

ಬೋರ್ಡ್ ವೈಪ್ ಬರುವ ಮುಂಚೆ

ಎದುರಾಳಿಯ ಬಣ್ಣ ನೋಡಿ ಯಾವ ಸರದಿಗೆ ಹೆದರಬೇಕು ಎಂದು ಗುರುತಿಟ್ಟುಕೊಳ್ಳಿ. ಕೆಂಪಿನಲ್ಲಿ ಮೂರು ಮನಾಗೆ ಆಂಗರ್ ಆಫ್ ದಿ ಗಾಡ್ಸ್, ಎಲ್ಲರಿಗೂ 3 ಡ್ಯಾಮೇಜ್. ಬಿಳಿಯಲ್ಲಿ ಮೂರು ಮನಾಗೆ ಟೆಂಪರರಿ ಲಾಕ್‌ಡೌನ್, ಲ್ಯಾಂಡ್ ಬಿಟ್ಟು ಬೆಲೆ ಎರಡು ಅಥವಾ ಕಡಿಮೆ ಇರುವ ಎಲ್ಲವೂ ಎಕ್ಸೈಲ್. ಇದು ನಮಗೆ ಎಲ್ಲಕ್ಕಿಂತ ಕೆಟ್ಟದ್ದು: ಮುಂದೆ ಆ ಎನ್ಚಾಂಟ್‌ಮೆಂಟ್ ಒಡೆದರೆ ಇನ್ಸ್‌ಪೆಕ್ಟರ್, ಕೇಕ್, ಹೋಲ್ ವಾಪಸು ಬರುತ್ತವೆ, ಟೋಕನ್‌ಗಳು ಬರುವುದಿಲ್ಲ. ಅನೌನ್ಸ್‌ಮೆಂಟ್, ಟ್ಯಾಲೆಂಟ್, ಅಡೆಲೈನ್ ಮೂರು ಬೆಲೆಯವಾದ್ದರಿಂದ ಉಳಿಯುತ್ತವೆ. ಬಿಳಿ–ನೀಲಿಯಲ್ಲಿ ನಾಲ್ಕಕ್ಕೆ ಸುಪ್ರೀಮ್ ವರ್ಡಿಕ್ಟ್, ಬಿಳಿಯಲ್ಲಿ ಐದಕ್ಕೆ ಸನ್‌ಫಾಲ್. ಕಪ್ಪಿನಲ್ಲಿ ನಾಲ್ಕಕ್ಕೆ ಎಕ್ಸ್‌ಟಿಂಕ್ಷನ್ ಇವೆಂಟ್: ಸಮ ಅಥವಾ ಬೆಸ ಬೆಲೆಯ ಕ್ರೀಚರ್‌ಗಳೆಲ್ಲ ಎಕ್ಸೈಲ್. ಟೋಕನ್ ಸೊನ್ನೆ, ಹಾಗಾಗಿ ಎದುರಾಳಿ ಸಮ ಅನ್ನುತ್ತಾನೆ. ಅಡೆಲೈನ್, ಅಪ್ಯಾರಿಶನ್, ಇನ್ಸ್‌ಪೆಕ್ಟರ್, ಲಾಕ್ಸೊಡಾನ್ ಎಲ್ಲವೂ ಬೆಸ, ಅವು ಉಳಿಯುತ್ತವೆ. ಅಂಥ ಡೆಕ್ ಎದುರು ಇವುಗಳನ್ನು ಬೇಗ ಇಳಿಸಿ.

ಪಾಲಿಸಬೇಕಾದ ಅಳತೆ ಒಂದೇ. ಬೋರ್ಡ್ ಮೇಲಿರುವ ಬಲದಿಂದ ಎರಡು ದಾಳಿಯಲ್ಲಿ ಆಟ ಮುಗಿಯುವಂತಿದ್ದರೆ ಇನ್ನೊಂದು ಕ್ರೀಚರ್ ಸೇರಿಸಬೇಡಿ. ಮನಾವನ್ನು ಟ್ಯಾಲೆಂಟ್, ಅನೌನ್ಸ್‌ಮೆಂಟ್ ಅಥವಾ ಲ್ಯಾಂಡ್‌ಗಳ ಸಾಮರ್ಥ್ಯಕ್ಕೆ ಹಾಕಿ. ಮೂರು ದಾಳಿ ಬೇಕಾದರೆ ಸೇರಿಸಿ. ಅಲಾರ್ಮ್ ಒಂದನ್ನು ಕೈಯಲ್ಲಿ ಉಳಿಸಿಕೊಳ್ಳುವುದು ಯಾವಾಗಲೂ ಒಳ್ಳೆಯದು: ಎದುರಾಳಿ ಮನಾ ಎಲ್ಲ ಸುರಿದು ಬೋರ್ಡ್ ಗುಡಿಸಿದ ಮೇಲೆ, ಅದೇ ಸರದಿಯ ಕೊನೆಯಲ್ಲಿ ಇಬ್ಬರು ಸೈನಿಕರು ನಿಂತರೆ, ಮಗುಚಿದ ಅನೌನ್ಸ್‌ಮೆಂಟ್ ಇದ್ದಲ್ಲಿ ನಿಮ್ಮ ಮುಂದಿನ ಸರದಿಯಲ್ಲೇ ನಾಲ್ಕು ಡ್ಯಾಮೇಜ್.

ವೈಪ್ ಬರುವುದು ಕಂಡಾಗ ಫೌಂಟನ್‌ಪೋರ್ಟ್ ನೆನಪಾಗಲಿ. ಅದು ಎರಡು ಮನಾ ಕೊಟ್ಟು ಒಂದು ಟೋಕನ್ ತ್ಯಾಗ ಮಾಡಿದರೆ ಒಂದು ಕಾರ್ಡ್ ಕೊಡುತ್ತದೆ. ಹೇಗೂ ಸಾಯುವ ಟೋಕನ್ ತಾನೆ? ದೊಡ್ಡ ಕ್ರೀಚರ್ ಎದುರು ಬ್ಲಾಕ್‌ಗೆ ನಿಂತ ಟೋಕನ್‌ಗೂ ಇದೇ ಮಾತು: ಬ್ಲಾಕ್ ಘೋಷಿಸಿ, ಆಮೇಲೆ ತ್ಯಾಗ ಮಾಡಿ. ಟ್ರಾಂಪಲ್ (ಬ್ಲಾಕ್ ದಾಟಿ ಡ್ಯಾಮೇಜ್ ಮಾಡುವ ಗುಣ) ಇಲ್ಲದಿದ್ದರೆ ಡ್ಯಾಮೇಜ್ ನಿಮ್ಮವರೆಗೆ ಬರುವುದಿಲ್ಲ. ಕೇಕ್ ಮಾತ್ರ ಇದಕ್ಕೆ ಆಗದು, ಅದು ಕಾರ್ಡ್, ಟೋಕನ್ ಅಲ್ಲ.

ಅರೀನಾ ಆಡಿಸುವ ಆಟಗಳು

ಆಟ ತಾನೇ ಲ್ಯಾಂಡ್ ಟ್ಯಾಪ್ ಮಾಡುವಾಗ ಕಾಸಲ್ ಅಥವಾ ಫೌಂಟನ್‌ಪೋರ್ಟನ್ನು ಖರ್ಚು ಮಾಡಿಬಿಡಬಹುದು. ಆ ಸರದಿ ಅದರ ಸಾಮರ್ಥ್ಯ ಬೇಕಿದ್ದರೆ ಕಾರ್ಡ್ ಹಾಕುವ ಮುಂಚೆ ಪ್ಲೇನ್ಸ್‌ಗಳನ್ನು ಕೈಯಾರೆ ಟ್ಯಾಪ್ ಮಾಡಿ. ಲಾಕ್ಸೊಡಾನ್ ಹಾಕುವಾಗಲೂ ಯಾರು ಟ್ಯಾಪ್ ಆಗುತ್ತಿದ್ದಾರೆ ಎಂದು ಒಪ್ಪಿಗೆ ಕೊಡುವ ಮುಂಚೆ ನೋಡಿ.

ಎದುರಾಳಿಯ ಸರದಿಯ ಕೊನೆಯಲ್ಲಿ ಅಲಾರ್ಮ್ ಹಾಕಲು ಅಲ್ಲಿ ಆಟ ನಿಲ್ಲಬೇಕು. ಫೇಸ್ ಸಾಲಿನಲ್ಲಿ ಅವನ ಕೊನೆಯ ಹಂತದ ಗುರುತನ್ನು ಒತ್ತಿ ಸ್ಟಾಪ್ ಇಟ್ಟುಕೊಳ್ಳಿ. ಫೋನಿನಲ್ಲಿ ಆಡುವವರು ಆಟದ ಮೊದಲ ಸರದಿಯಲ್ಲೇ ಇದನ್ನು ಮಾಡಿಬಿಡುವುದು ಮೇಲು. ಆಮೇಲೆ ಗಡಿಬಿಡಿಯಲ್ಲಿ ಬೆರಳು ಬೇರೆಲ್ಲೋ ಬೀಳುತ್ತದೆ.

ಎಲ್ಲರಿಂದ ದಾಳಿ ಮಾಡಿಸುವ ಗುಂಡಿ ಈ ಡೆಕ್‌ಗೆ ಶತ್ರು. ಅನೌನ್ಸ್‌ಮೆಂಟ್ ಲೆಕ್ಕಕ್ಕಾಗಿ ಒಬ್ಬರನ್ನೇ ಕಳಿಸಬೇಕಾದಾಗ, ಇಬ್ಬರನ್ನು ಬ್ಲಾಕ್‌ಗೆ ಉಳಿಸಬೇಕಾದಾಗ ಒಬ್ಬೊಬ್ಬರನ್ನೇ ಆರಿಸಿ. ಒಂದೇ ಥರದ ಟೋಕನ್‌ಗಳನ್ನು ಅರೀನಾ ಒಂದರ ಮೇಲೊಂದು ಪೇರಿಸಿ ತೋರಿಸುತ್ತದೆ. ಈಗಷ್ಟೇ ಬಂದವು, ಕೌಂಟರ್ ಇರುವವು ಬೇರೆ ಗುಂಪು. ಯಾವ ಗುಂಪು ಎಂದು ನೋಡಿ ಒತ್ತಿ.

ಮೂರು ಆಟದ ಪಂದ್ಯಕ್ಕೆ ಸೈಡ್‌ಬೋರ್ಡ್

ಒಂದು ಆಟ ಮುಗಿದ ಮೇಲೆ ಡೆಕ್‌ನ ಕಾರ್ಡ್‌ಗಳಿಗೆ ಬದಲಾಗಿ ತರಬಹುದಾದ 15 ಕಾರ್ಡ್: ಸರ್ಜ್ ಆಫ್ ಸಾಲ್ವೇಶನ್ 4, ಡೆಸ್ಟ್ರಾಯ್ ಈವಿಲ್ 3, ಎಲೀಟ್ ಸ್ಪೆಲ್‌ಬೈಂಡರ್ 3, ಲೈರಾ ಡಾನ್‌ಬ್ರಿಂಗರ್ 2, ಕಂಟೈನ್‌ಮೆಂಟ್ ಪ್ರೀಸ್ಟ್ 2, ನಾಲ್ಕನೇ ಪೋರ್ಟಬಲ್ ಹೋಲ್. ಲೈರಾ ಮಿಥಿಕ್, ಅದಿಲ್ಲದೆಯೂ ನಡೆಯುತ್ತದೆ.

ಕೆಂಪು ವೇಗದ ಡೆಕ್ ಎದುರು ಹೋಲ್, ಲೈರಾ ಎರಡು ಒಳಗೆ. ಟ್ಯಾಲೆಂಟ್ ಮೂರು ಹೊರಗೆ. ಮೊದಲ ನಾಲ್ಕು ಸರದಿಯಲ್ಲಿ ಬೋರ್ಡ್ ಮೇಲೆ ಏನೂ ಮಾಡದ ಮೂರು ಮನಾ ಅಲ್ಲಿ ಪ್ರಾಣಕ್ಕೇ ಬರುತ್ತದೆ. ಲೈಫ್‌ಲಿಂಕ್ ವ್ಯಾಂಪೈರ್‌ನನ್ನು ಬ್ಲಾಕ್‌ಗೆ ಬಲಿ ಕೊಡಬೇಡಿ, ಸೈನಿಕ ಮತ್ತು ಮೊಲಗಳನ್ನು ಕೊಡಿ.

ಆಂಗರ್ ಆಫ್ ದಿ ಗಾಡ್ಸ್‌ನಂಥ ಡ್ಯಾಮೇಜ್ ವೈಪ್ ಇರುವ ಕೆಂಪು ಡೆಕ್ ಎದುರು ಸರ್ಜ್ ನಾಲ್ಕೂ ಒಳಗೆ. ಒಂದು ಮನಾಗೆ ಅದು ಕೆಂಪು ಮತ್ತು ಕಪ್ಪು ಮೂಲದ ಡ್ಯಾಮೇಜನ್ನು ನಿಮ್ಮ ಕ್ರೀಚರ್‌ಗಳಿಗೆ ತಾಕದಂತೆ ತಡೆಯುತ್ತದೆ. ಸುಪ್ರೀಮ್ ವರ್ಡಿಕ್ಟ್, ಸನ್‌ಫಾಲ್ ಎದುರು ಮಾತ್ರ ಅದು ಉಪಯೋಗಕ್ಕಿಲ್ಲ, ಅಲ್ಲಿ ಡ್ಯಾಮೇಜೇ ಇಲ್ಲ. ಬಿಳಿ–ನೀಲಿ ಕಂಟ್ರೋಲ್ ಡೆಕ್‌ಗೆ ಲಾಕ್ಸೊಡಾನ್ ಮೂರು, ಹೋಲ್ ಮೂರು ತೆಗೆದು ಸ್ಪೆಲ್‌ಬೈಂಡರ್ ಮೂರು, ಡೆಸ್ಟ್ರಾಯ್ ಈವಿಲ್ ಮೂರು ಹಾಕಿ. ಸ್ಪೆಲ್‌ಬೈಂಡರ್ ಎದುರಾಳಿಯ ಕೈ ತೋರಿಸಿ ಒಂದು ಕಾರ್ಡಿನ ಬೆಲೆ ಎರಡು ಏರಿಸುತ್ತದೆ, ಡೆಸ್ಟ್ರಾಯ್ ಈವಿಲ್ ಲಾಕ್‌ಡೌನ್ ಒಡೆಯುತ್ತದೆ. ಆ ಪಂದ್ಯದಲ್ಲಿ ಅವಸರ ಬೇಡ: ಕಾಸಲ್ ಮತ್ತು ಅಡಾಂಟೊದಿಂದ ಅವನ ಸರದಿಯಲ್ಲಿ ಒಂದೊಂದೇ ಟೋಕನ್ ಮಾಡುತ್ತ ಹೋದರೆ ಲ್ಯಾಂಡಿನ ಸಾಮರ್ಥ್ಯಕ್ಕೆ ಸಾಧಾರಣ ಕೌಂಟರ್‌ಸ್ಪೆಲ್ ತಾಗುವುದಿಲ್ಲ.

ಗ್ರೇವ್‌ಯಾರ್ಡಿನಿಂದ ಕ್ರೀಚರ್ ಎಬ್ಬಿಸುವ ಡೆಕ್ ಎದುರು ಪ್ರೀಸ್ಟ್ ಎರಡು. ಸ್ಪೆಲ್ ಆಗಿ ಹಾಕದೆ ನೇರವಾಗಿ ಬೋರ್ಡಿಗೆ ಬರುವ ಕ್ರೀಚರ್ ಕಾರ್ಡನ್ನೆಲ್ಲ ಅದು ಎಕ್ಸೈಲ್ ಮಾಡುತ್ತದೆ, ಆದರೆ ಟೋಕನ್‌ಗಳನ್ನು ಬಿಟ್ಟುಬಿಡುತ್ತದೆ. ಹಾಗಾಗಿ ನಿಮ್ಮ ಸೈನಿಕರು, ಮೊಲಗಳು ಎಂದಿನಂತೆ ಬರುತ್ತಲೇ ಇರುತ್ತವೆ.